ಅಪ್ಪನ ಮೂಗು

ಒಡೆಸ್ಸಾ, ಟೆಕ್ಸಸ್
ಶುಕ್ರವಾರ

ಅಪ್ಪಾ,

ಡಿಗ್ರಿ ಮುಗಿಸಿದವಳು ಕಂಕುಳಲ್ಲಿ ಕೂಸಿಟ್ಟುಕೊಂಡು ಮತ್ತೆ ಕಮ್ಯುನಿಟಿ ಕಾಲೇಜಿಗೆ ಹೋಗಿ ಪೆಟ್ರೋಲಿಯಂ ಕಲಿಯುತ್ತಿದ್ದೇನೆಂದು ನಕ್ಕೆಯಲ್ಲ. "ಎಣ್ಣೆ ಟ್ಯಾಂಕಿನ ಮುಚ್ಚಳ ತೆಗಿಯೋಕೂ ಪುಸ್ತಕ ಬೇಕೇನೇ? ವಿಷದ ಗ್ಯಾಸ್ ಬಂದ್ರೆ ಕೊಳೆತ ಮೊಟ್ಟೆ ವಾಸನೆ ಹೊಡಿಯತ್ತೆ. ಮೂವತ್ತು ವರ್ಷದಿಂದ ನನ್ನ ಮೂಗೇ ನಂಗೆ ಮೇಷ್ಟ್ರು!"

ಆ ಗ್ಯಾಸ್ ಮೊದಲು ಕೊಲ್ಲುವುದು ಮೂಗನ್ನೇ, ಆಮೇಲೆ ಯಾವ ವಾಸನೆಯೂ ತಿಳಿಯುವುದಿಲ್ಲ ಎಂದು ನಮಗೆ ಎರಡನೇ ವಾರದಲ್ಲೇ ಕಲಿಸಿದರು. ಕಳೆದ ಭಾನುವಾರ ನೀನು ಅರ್ಧ ಗಂಟೆ ನಿನ್ನ ಮೊಮ್ಮಗಳು ನಯೇಲಿಯನ್ನು ತೊಡೆಯ ಮೇಲೆ ಕುಣಿಸಿದೆ. ಅವಳ ಡೈಪರ್ ತುಂಬಿ ಹೊರಬಂದಿತ್ತು. ಒಲೆಯ ಮೇಲೆ ಬೀನ್ಸ್ ಸೀದು ಕರಕಲಾಗಿತ್ತು. ನೀನು ಮಾತ್ರ, "ಊಟಕ್ಕೆ ಇನ್ನೂ ಎಷ್ಟೊತ್ತಮ್ಮಾ?" ಅಂದೆ. ಆವತ್ತಿನಿಂದ ಮಗು ಮಲಗಿದರೂ ನನಗೆ ನಿದ್ದೆಯಿಲ್ಲ.

ನಿನ್ನ ಟ್ರಕ್ಕಿನಲ್ಲಿ ಬ್ಯಾಟರಿ ಸತ್ತು ಬಿದ್ದಿದ್ದ ಗ್ಯಾಸ್ ಅಲಾರಂ ಕದ್ದವಳು ನಾನೇ. ಕಾಲೇಜಿನಲ್ಲಿ ರಿಪೇರಿ ಮಾಡಿಸಿ ಇದರೊಂದಿಗೆ ಕಳಿಸಿದ್ದೇನೆ. ಜೇಬಿನಲ್ಲಿಡಬೇಡ, ಕಾಲರಿಗೆ ಸಿಕ್ಕಿಸು. ಕೂಗಿದರೆ ಗಾಳಿ ಬೀಸಿ ಬರುವ ಕಡೆಗೆ ಓಡು. ಜೊತೆಯವರು ನಕ್ಕರೆ, ಮಗಳಿಗೆ ಹುಚ್ಚು ಅನ್ನು.

ಕಾಲೇಜು ಬಿಡುವುದಿಲ್ಲ. ಅಲಾರಂ ಇಲ್ಲದೆ ಬಂದರೆ ಮೊಮ್ಮಗಳು ನಿನ್ನ ಕೈಗೆ ಸಿಗುವುದೂ ಇಲ್ಲ. ಹಾಕಿಕೊಂಡು ಬಂದರೆ ಡೈಪರ್ ಬದಲಿಸುವುದನ್ನು ಕಲಿಸುತ್ತೇನೆ. ಮೂಗಿಲ್ಲದವನಿಗೆ ಅದೇನು ಕಷ್ಟ?

ನಿನ್ನದೇ ಹಟದ ಮಗಳು,
ಡೆಲ್ಫೀನಾ