ಗುಂಯ್ ಎನ್ನದ ಆಂಪ್ಲಿಫೈಯರ್

ಹುಣಸೂರು, ಜೂನ್ ೧೪, ಶುಕ್ರವಾರ

ನಾನು ಕೈಯಾರೆ ಕಟ್ಟಿದ ಗಿಟಾರ್ ಆಂಪ್ಲಿಫೈಯರ್ ಇವತ್ತು ಗೆಳೆಯ ಶಶಿಗೆ ಶಾಕ್ ಹೊಡೆಯಿತು. ಅವನ ಮನೆಯಲ್ಲೇ ಅಭ್ಯಾಸ ನಡೆದಿತ್ತು. ಕೈ ಗಿಟಾರಿನ ತಂತಿಯ ಮೇಲಿತ್ತು, ತುಟಿ ಮೈಕಿಗೆ ತಗುಲಿತು. ಆಸಾಮಿ ಎರಡಡಿ ಹಿಂದಕ್ಕೆ ಹಾರಿದ.

"ಮೈಕು ಮುತ್ತು ಕೊಡ್ತು ಕಣ್ಲಾ! ನಮ್ಮೋಳೂ ಇಂಗೆ ಕೊಟ್ಟಿರ್ನಿಲ್ಲ!" ಎಂದು ನಕ್ಕ.

ಅವನ ಹೆಂಡತಿ ರಮ್ಯಾ ನಗಲಿಲ್ಲ. "ಮೊದ್ಲು ಆ ಹಾಳು ಮೈಕ್ ಎಸೀರಿ," ಎಂದರು.

ಪಾಪ, ಮೈಕಿನ ತಪ್ಪೇನೂ ಇಲ್ಲ. ಆಂಪ್ಲಿಫೈಯರಿನ ಗುಂಯ್ ಸದ್ದು ಅಡಗಿಸಲು ಹೋದ ವಾರ ಅದರ, ಶಾಕ್ ಹೊಡೆಯದಂತೆ ಕಾಯುವ, ಅರ್ಥಿಂಗ್ ವೈರನ್ನೇ ಕತ್ತರಿಸಿದ ಮಹಾವಿಜ್ಞಾನಿ ನಾನು. ಅಪಾಯವೆಂದು ಗೊತ್ತಿತ್ತು. ಆದರೆ "ಒಂಚೂರೂ ಸದ್ದಿಲ್ವಲ್ಲೋ, ಭೇಷ್!" ಎಂದು ಶಶಿ ಹೊಗಳಿದ್ದ. ಆ ಭೇಷ್ ಕಳೆದುಕೊಳ್ಳಲು ಮನಸ್ಸಾಗದೆ ಇವತ್ತೂ ಬಾಯಿ ಮುಚ್ಚಿಕೊಂಡು ಕೂತೆ.

ನಾನು ಹೊರಡುವಾಗ ಶಶಿ ಎಂದ: "ಆಂಪ್ಲಿಫೈಯರ್ ಇಲ್ಲೇ ಬುಟ್ಟೋಗ್ಲಾ. ಬೆಳಿಗ್ಗೆ ಮಗ್ಳು ನುಡಿಸ್ತಾಳೆ."

ನಾನು ಹೂಂ ಎಂದೆ. ಒಂಬತ್ತು ವರ್ಷದ ಮಗು, ನಾನು ಹೂಂ ಎಂದು ಬಂದೆ!

ಮನೆಗೆ ಬಂದ ಮೇಲೆ ಅವನಿಗೆ ಐದು ಸಲ ಫೋನ್ ಮಾಡಿದೆ, ಸ್ವಿಚ್ ಆಫ್. ಅವನ ಮನೆ ಸೇತುವೆಯಾಚೆ. ಏನು ಹೇಳುವುದೆಂದು ದಾರಿಯಲ್ಲಿ ಯೋಚಿಸಿದರಾಯಿತು, ಮೊದಲು ಬೈಕಿನ ಕೀ ಹುಡುಕಬೇಕು, ಈಗಲೇ ಹೊರಟೆ.