ಮನೆ ವಿಚಾರಿಸಲು ಬಂದ ಮನುಷ್ಯ

ಅಣ್ಣಿಗೇರಿ
೧೧ ಫೆಬ್ರವರಿ ೨೦೨೫, ಮಂಗಳವಾರ

ಪ್ರೀತಿಯ ಮಗಳು ಮಹಾನಂದಾ,

ಹೇಗಿದ್ದೀ? ಮೊನ್ನೆ ಭಾನುವಾರ ನೀನು ಫೋನಿನಲ್ಲಿ ಅಳುತ್ತಿದ್ದಾಗ ನಡುನಡುವೆ ಕೆಮ್ಮುತ್ತಿದ್ದೆ. ಅದು ಅತ್ತದ್ದಕ್ಕೆ ಬಂದ ಕೆಮ್ಮೋ, ಆ ಜರ್ಮನಿಯ ಥಂಡಿಗೆ ಬಂದದ್ದೋ ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟುಬಿಟ್ಟೆ. ಥೈರಾಯ್ಡ್ ಗುಳಿಗೆ ತಪ್ಪಿಸಬೇಡ. ಮನೆಯೊಳಗೆ ಬರಿಗಾಲಲ್ಲಿ ಓಡಾಡಬೇಡ. ಹೋದ ಸಲ ಕೊಟ್ಟ ಶೇಂಗಾ ಚಟ್ನಿ ಮುಗಿದಿದ್ದರೆ ಹೇಳು, ಮುಗಿಯದಿದ್ದರೆ ಯಾಕೆ ಮುಗಿದಿಲ್ಲ ಎಂಬುದನ್ನು ಹೇಳು. ನಾನು ಆರಾಮ ಇದ್ದೇನೆ. ಮೊಣಕಾಲು ಮಾತ್ರ ಇದ್ದ ಹಾಗೇ ಇದೆ. ಬರುವ ಮೇ ತಿಂಗಳಿಗೆ ಅರವತ್ತು ತುಂಬಿ ಅಂಗನವಾಡಿಯ ಕೀಲಿಕೈ ಬೇರೆಯವರಿಗೆ ಒಪ್ಪಿಸಬೇಕು. ಅಲ್ಲಿಯವರೆಗೆ ಅದು ನಡೆದರೆ ಸಾಕು.

ನೀನು ಕೇಳಿದ ಕಾಗದಗಳು ಇದರ ಜೊತೆಗಿವೆ. ಹುಟ್ಟಿದ ತಾರೀಖು ಇರುವ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಗದಗಿನ ಕಾಲೇಜಿನಲ್ಲಿ ನೀನು ಎರಡು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ ಎಂದು ಪ್ರಿನ್ಸಿಪಾಲರು ಬರೆದುಕೊಟ್ಟ ಪತ್ರ, ಎರಡೂ. ಆ ಪತ್ರಕ್ಕೆ ನಿನ್ನೆ ಬೆಳಿಗ್ಗೆ ಹೋದವಳು ಸಂಜೆ ಬಂದೆ. ಕ್ಲಾರ್ಕ್ ಊಟಕ್ಕೆ ಹೋದವನು ಚಹಾದ ಹೊತ್ತಿಗೆ ತಿರುಗಿ ಬಂದ. ಹುಬ್ಬಳ್ಳಿಯಿಂದ ಕೊರಿಯರ್ ಮಾಡಬೇಕು. ಹೇಗೂ ಲಕೋಟೆ ಹೋಗುತ್ತದೆ ಎಂದು ನಾಲ್ಕು ಮಾತು ಬರೆಯುತ್ತಿದ್ದೇನೆ. ಫೋನಿನಲ್ಲಿ ನಾನು ಒಂದು ಹೇಳುವುದರೊಳಗೆ ನೀನು ಅಳುತ್ತೀ, ನೀನು ಅತ್ತರೆ ನನಗೆ ಸಿಟ್ಟು ಬರುತ್ತದೆ, ಕೆಲಸದ ಮಾತು ಅಲ್ಲಿಗೇ ನಿಲ್ಲುತ್ತದೆ.

ಮೊದಲು ನನ್ನ ಹಳೆಯ ಸಿಟ್ಟು ಹೇಳಿಬಿಡುತ್ತೇನೆ. ಪಿಎಚ್.ಡಿ. ಮುಗಿದ ಮೇಲೆ ಪೋಸ್ಟ್‌ಡಾಕ್ ಎಂದು ಹೊರಟಾಗ ನೀನು ಹೇಳಿದ್ದು ಎರಡು ವರ್ಷ. ಆರು ವರ್ಷವಾಯಿತು. ಮೂರು ಊರು, ಮೂರು ಲ್ಯಾಬು, ಮೂವರು ಪ್ರೊಫೆಸರರು. ಪ್ರತಿ ಸಲವೂ ಒಂದು ವರ್ಷದ ಕಾಗದ, ಅದು ಮುಗಿಯುವ ಮೊದಲೇ ಮುಂದಿನದಕ್ಕೆ ಅರ್ಜಿ. ಇಲ್ಲಿ ಸಂತೆಗೆ ಹೋದರೆ ಸಾಕು, ‘ಅಕ್ಕಾರ, ನಿಮ್ಮ ಮಗಳು ಇನ್ನಾ ಓದಾಕತ್ತಾಳೇನ್ರಿ?’ ಎಂದು ಕೇಳುತ್ತಾರೆ. ಓದು ಮುಗಿದಿದೆ ಎಂದರೆ ‘ಹಂಗಾರ ನೌಕರಿ ಏನ್ರಿ?’ ಎನ್ನುತ್ತಾರೆ. ಅದೂ ಅಲ್ಲ ಎಂದರೆ ನನ್ನ ಮುಖವನ್ನೇ ನೋಡುತ್ತಾ ನಿಲ್ಲುತ್ತಾರೆ. ಅವರಿಗೆ ಏನು ಹೇಳಲಿ? ಮೂವತ್ತನಾಲ್ಕು ವರ್ಷ ಊರಿನ ಮಕ್ಕಳನ್ನು ತೂಗಿ, ಉಣಿಸಿ, ಅಕ್ಷರ ತಿದ್ದಿಸಿದ ನನಗೇ ಸರಕಾರ ಇನ್ನೂ ಗೌರವ ಕಾರ್ಯಕರ್ತೆ ಎನ್ನುತ್ತದೆ, ನೌಕರಳು ಎನ್ನುವುದಿಲ್ಲ. ನನ್ನ ಹಣೆಬರಹ ನನಗೇ ಮುಗಿಯಲಿ, ಮಗಳು ಅಷ್ಟು ಓದಿದ್ದಾಳೆ, ಅವಳಿಗೆ ಹೀಗಾಗುವುದಿಲ್ಲ ಎಂದುಕೊಂಡಿದ್ದೆ.

ಡಿಸೆಂಬರಿನಲ್ಲಿ ನೀನು ಡೆನ್ಮಾರ್ಕಿನ ಕಂಪನಿಯ ಸುದ್ದಿ ಹೇಳಿದಾಗ ನಾನು ಸುಮ್ಮನಿರಬೇಕಿತ್ತು. ಅಪ್ಪ ಇದ್ದಾಗ ಒಂದು ವರ್ಷ ನಮ್ಮ ಎರಿ ಹೊಲದ ಕಡಲೆಗೆ ರೋಗ ಬಿದ್ದು, ಗಿಡಗಳು ನಿಂತಲ್ಲೇ ಒಣಗಿದವಲ್ಲ, ಆಗ ನೀನು ಬೇರು ಸಮೇತ ನಾಲ್ಕು ಗಿಡ ಕಿತ್ತು ಪೇಪರಿನಲ್ಲಿ ಸುತ್ತಿ ಶಾಲೆಗೆ ಒಯ್ದಿದ್ದೆ. ಅಂದಿನಿಂದ ನಿನ್ನ ತಲೆಯಲ್ಲಿ ಆ ಬೇರು, ಅದಕ್ಕೆ ಅಂಟಿದ ಬೂಷ್ಟು, ಅದನ್ನು ಬಿಟ್ಟರೆ ಬೇರೆ ಮಾತಿಲ್ಲ. ಇಷ್ಟು ವರ್ಷ ಅದರ ಬೆನ್ನು ಹತ್ತಿದವಳು ಈಗ ಬ್ರೆಡ್ ಮೆತ್ತಗಾಗಲು ಹಾಕುವ ಪುಡಿ ತಯಾರಿಸುವ ಕಂಪನಿಗೆ ಹೋಗುತ್ತೇನೆ ಎಂದರೆ ನನಗೆ ತಡೆಯಲಾಗಲಿಲ್ಲ. ‘ಬ್ರೆಡ್ ಮೆತ್ತಗ ಮಾಡಾಕ ಇಷ್ಟ ಓದಬೇಕಿತ್ತೇನ?’ ಅಂದುಬಿಟ್ಟೆ. ನೀನು ಆಗ ಒಂದೊಂದಾಗಿ ಹೇಳಿದೆ. ಪ್ರೊಫೆಸರರಿಗೆ ಬರುತ್ತಿದ್ದ ಅನುದಾನ ಮಾರ್ಚಿಗೆ ಮುಗಿಯುತ್ತದೆ. ನಾಲ್ಕನೆಯ ಊರು ಇಲ್ಲ. ನಮ್ಮ ಕಡೆ ಹಾಕಿದ ಏಳು ಅರ್ಜಿಗಳಲ್ಲಿ ಎರಡಕ್ಕೆ ವಯಸ್ಸು ಮೀರಿದೆ ಎಂದು ಉತ್ತರ ಬಂತು, ಐದಕ್ಕೆ ಉತ್ತರವೇ ಇಲ್ಲ. ಕೊನೆಗೆ ನೀನು ಅಂದದ್ದು ನನಗೆ ಮರೆಯುವುದಿಲ್ಲ: ‘ಅವ್ವಾ, ಬೂಷ್ಟಿನ ಕೆಲಸಾನ ಅಲ್ಲೂ ಮಾಡೂದು. ಆರು ವರ್ಷದಾಗ ನನಗ ಇಲ್ಲೇ ಇರು ಅಂತ ಅಂದಾವರು ಇವರೊಬ್ಬರಽ.’ ಅವತ್ತೇ ನಾನು ಬ್ರೆಡ್ಡಿನ ಮಾತು ಬಿಟ್ಟೆ. ಜಾಗ ಕಾಯಂ ಎಂದೆಯಲ್ಲ, ಆ ಒಂದು ಶಬ್ದಕ್ಕೆ ನಾನು ದೇವರಿಗೆ ಕಾಯಿ ಒಡೆಸಿದೆ.

ಈಗ ಆದದ್ದನ್ನು ಮೊದಲಿನಿಂದ ಹೇಳುತ್ತೇನೆ. ನೀನು ಸಿಟ್ಟಾಗುವ ಒಂದು ಸಂಗತಿ ಮೊದಲೇ ಇದೆ. ನವೆಂಬರಿನಲ್ಲಿ ಈರಪ್ಪ ಕಾಕಾ ನಿನ್ನ ಬಯೋಡಾಟಾವನ್ನು ಹುಬ್ಬಳ್ಳಿಯ ಒಂದು ವಧು-ವರ ಕೇಂದ್ರಕ್ಕೆ ಕೊಟ್ಟು ಬಂದಿದ್ದ. ನನಗೆ ಗೊತ್ತಿತ್ತು, ನಿನಗೆ ಹೇಳಿರಲಿಲ್ಲ. ಹಾಗಾಗಿ ಇಂದಲ್ಲ ನಾಳೆ ಯಾರಾದರೂ ಬರಬಹುದು ಎಂದು ನಾವು ಕಾದೇ ಇದ್ದೆವು. ಜನವರಿ ಮೂವತ್ತರಂದು, ಗುರುವಾರ ಮುಂಜಾನೆ, ಐವತ್ತರ ಆಸುಪಾಸಿನ ಒಬ್ಬ ಮನುಷ್ಯ ಮೋಟಾರ್ ಸೈಕಲ್ ಮೇಲೆ ಬಂದ. ಇಸ್ತ್ರಿ ಅಂಗಿ, ಕೈಯಲ್ಲಿ ಚರ್ಮದ ಚೀಲ. ನೆಟ್ಟಗೆ ನಮ್ಮ ಮನೆಗೆ ಬಂದಿದ್ದರೆ ನಾವು ಏನಾದರೂ ಬೇರೆ ತಿಳಿಯುತ್ತಿದ್ದೆವೋ ಏನೋ. ಅವನು ಮೊದಲು ಮಶಾಕಸಾಬನ ಹಿಟ್ಟಿನ ಗಿರಣಿಯ ಮುಂದೆ ನಿಂತು, ಅಂಗನವಾಡಿ ಕಸ್ತೂರೆವ್ವನ ಮನೆ ಯಾವುದು, ಎಷ್ಟು ವರ್ಷದಿಂದ ಇದ್ದಾರೆ, ಮಂದಿ ಹೆಂಗ, ಮಗಳು ಏನು ಮಾಡುತ್ತಾಳೆ ಎಂದೆಲ್ಲ ವಿಚಾರಿಸಿದ. ನಮ್ಮ ಕಡೆ ಹೀಗೆ ಬಾಜು ಮನೆಯಲ್ಲಿ ಕೇಳಿಕೊಂಡು ಆಮೇಲೆ ಹೊಸ್ತಿಲು ತುಳಿಯುವವರು ಯಾರು? ಹೆಣ್ಣಿನ ಮನೆ ನೋಡಲು ಬಂದವರು. ಮಶಾಕಸಾಬ ಗಿರಣಿ ಬಂದ್ ಮಾಡಿ ನನಗೆ ಫೋನ್ ಹಚ್ಚಿದ. ‘ಅಕ್ಕಾರ, ಮಂದಿ ಬಂದಾರ. ನಾ ಅಗದಿ ಚಲೋ ಹೇಳೇನಿ, ನೀವು ಮುಂದಿಂದು ನೋಡ್ಕೋರಿ’ ಅಂದ.

ನಾನು ಉಪ್ಪಿಟ್ಟಿಗೆ ರವೆ ಹುರಿಯಲು ಇಟ್ಟೆ. ಕಾಕಾ ಹೊಲಕ್ಕೆ ಹೊರಟವನು ತಿರುಗಿ ಬಂದು ಅಂಗಿ ಬದಲಿಸಿದ. ಆ ಮನುಷ್ಯ ಒಳಗೆ ಬಂದು, ತಾನು ವೆರಿಫಿಕೇಶನ್‌ಗೆ ಬಂದಿದ್ದೇನೆ ಎಂದು ಹೇಳಿದ್ದು ನಿಜ. ಯಾವ ಕಂಪನಿ ಎಂದು ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ಈಗಿನ ಕೇಂದ್ರಗಳು ಹೀಗೂ ಮಾಡುತ್ತವೆ ಎಂದು ಕಾಕಾ ನನ್ನ ಕಿವಿಯಲ್ಲಿ ಹೇಳಿದ. ಬಂದವನು ಬಾಗಿಲಿನ ಫೋಟೋ ತೆಗೆದ. ಮನೆ ಸ್ವಂತದ್ದೇ ಎಂದು ಕೇಳಿದ. ಪೊಲೀಸ್ ಕೇಸ್ ಏನಾದರೂ ಇದೆಯೇ ಎಂದು ಕೇಳಿದಾಗ ಕಾಕಾ ಖುಷಿಯಿಂದ ನನ್ನ ಕಡೆ ನೋಡಿದ, ಬಹಳ ಪದ್ಧತಿಯ ಜನ ಎಂಬಂತೆ. ಉಪ್ಪಿಟ್ಟು ಮುಂದಿಟ್ಟರೆ ಮುಟ್ಟಲಿಲ್ಲ. ‘ನಮಗ ತಿನ್ನಾಕ ಬರಾಂಗಿಲ್ರಿ, ರೂಲ್ಸ್ ಐತಿ’ ಅಂದ. ಮಾತು ಮುಗಿಯುವ ಮೊದಲು ಹೆಣ್ಣಿನ ಮನೆಯಲ್ಲಿ ತಿನ್ನಬಾರದು ಎಂಬುದು ನಮ್ಮಲ್ಲೂ ರೂಲ್ಸೇ ಅಲ್ಲವೇ? ಎಲ್ಲವೂ ತಾಳೆಯಾಯಿತು. ನಿನ್ನ ವಯಸ್ಸು, ಹಿಂದಿನ ಕೆಲಸ, ಮುಂದೆ ಎಲ್ಲಿರುತ್ತಾಳೆ, ಒಂದೊಂದೇ ಕೇಳಿ ಮೊಬೈಲಿನಲ್ಲಿ ಬರೆದುಕೊಂಡು ನಮ್ಮ ಸಹಿ ಹಾಕಿಸಿದ. ಹೊರಡುವಾಗ ಕಾಕಾ ‘ಹುಡುಗನ ಫೋಟೋ ಒಂದು ಕಳಸ್ರಿ’ ಅಂದ. ಅವನು ಆಗಲೇ ಹೆಲ್ಮೆಟ್ ಹಾಕಿಕೊಂಡಿದ್ದ, ಏನು ಕೇಳಿಸಿತೋ, ‘ಎಲ್ಲಾ ಮೇಲ್‌ನ್ಯಾಗ ಬರತೈತ್ರಿ’ ಅಂದು ಹೋದ. ಹತ್ತು ದಿನ ಕಾಕಾ ದಿನಕ್ಕೆರಡು ಸಲ ಮೇಲ್ ತೆಗೆದು ನೋಡಿದ.

ಭಾನುವಾರ ನಿನ್ನ ಫೋನ್ ಬಂದ ಮೇಲೆ ತಾನೇ ನಮಗೆ ಗೊತ್ತಾದದ್ದು, ಅವನನ್ನು ಕಳಿಸಿದ್ದು ಡೆನ್ಮಾರ್ಕಿನವರು ಎಂದು. ಅವನು ಬರೆದುಕೊಂಡು ಹೋದದ್ದರಲ್ಲಿ ವಯಸ್ಸು ಮೂರು ವರ್ಷ ಕಡಿಮೆ. ಗದಗಿನ ಅತಿಥಿ ಉಪನ್ಯಾಸಕಿ ಕಾಯಂ ಪ್ರೊಫೆಸರ್ ಆಗಿದ್ದಾಳೆ. ಎಲ್ಲಕ್ಕೂ ಮೇಲೆ, ಹುಡುಗಿ ಯುಗಾದಿಗೆ ಊರಿಗೆ ಮರಳುತ್ತಾಳೆ, ಮತ್ತೆ ಹೊರದೇಶಕ್ಕೆ ಹೋಗುವುದಿಲ್ಲ. ನೀನು ಬರೆದುಕೊಟ್ಟದ್ದಕ್ಕೂ ಮನೆಯವರು ಹೇಳಿದ್ದಕ್ಕೂ ಹೊಂದುವುದಿಲ್ಲ ಎಂದು ಅವರು ಕೆಲಸ ತಡೆಹಿಡಿದಿದ್ದಾರೆ, ಈ ತಿಂಗಳ ಇಪ್ಪತ್ತೆಂಟರೊಳಗೆ ಲಿಖಿತ ಉತ್ತರ ಬೇಕು. ನೀನು ಕೇಳಿದ್ದು ಒಂದೇ ಪ್ರಶ್ನೆ, ‘ಕಾಕಾ ಏನೇನ್ ಹೇಳ್ಯಾನ?’ ಮಾತಾಡಿದ್ದು ಕಾಕಾನೇ ಎಂದು ನಾನು ಹೇಳಿದೆ. ಅವನ ಬಾಯಿ ನಿನಗೆ ಗೊತ್ತೇ ಇದೆ, ನಮ್ಮ ಎಮ್ಮೆ ಎರಡು ಲೀಟರ್ ಕೊಟ್ಟರೆ ಅವನ ಬಾಯಲ್ಲಿ ನಾಲ್ಕು ಆಗಿರುತ್ತದೆ. ಆದರೂ ಅವನ ನಂಬರ್ ಬ್ಲಾಕ್ ಮಾಡಬಾರದಿತ್ತು. ಪಾಪ, ಎರಡು ದಿನದಿಂದ ಬೆಳಿಗ್ಗೆ ನಿನಗೆ ಶುಭೋದಯದ ಚಿತ್ರ ಕಳಿಸಿ, ಒಂದೇ ಟಿಕ್ ಬರುತ್ತದೆ, ನೆಟ್‌ವರ್ಕ್ ಸರಿಯಿಲ್ಲ ಎನ್ನುತ್ತಾನೆ. ಅಪ್ಪ ಹೋದ ಮೇಲೆ ನಿನ್ನ ಒಂದೊಂದು ಪರೀಕ್ಷೆಗೂ ಧಾರವಾಡಕ್ಕೆ ಸ್ಕೂಟರ್ ಮೇಲೆ ಕರೆದೊಯ್ದು, ಗೇಟಿನ ಹೊರಗೆ ಮರದಡಿ ಕೂತಿರುತ್ತಿದ್ದವನು ಅವನೇ.

ನನಗೆ ಆ ಕಂಪನಿಯವರ ಮೇಲೂ ಅಷ್ಟೇ ಸಿಟ್ಟಿದೆ. ನಿನ್ನ ಪಾಸ್‌ಪೋರ್ಟ್ ಅವರ ಕೈಯಲ್ಲಿದೆ. ನೀನು ಬರೆದ ಹನ್ನೊಂದು ಪ್ರಬಂಧಗಳಿವೆ. ನಿನ್ನನ್ನು ಮೂರು ಸಲ ಕೂರಿಸಿ ಪ್ರಶ್ನೆ ಕೇಳಿದ್ದಾರೆ. ಇಷ್ಟಾದ ಮೇಲೂ ಮೂವತ್ತಾರು ವರ್ಷದ ಹೆಂಗಸಿನ ವಯಸ್ಸನ್ನು ಅಣ್ಣಿಗೇರಿಯ ಹಿಟ್ಟಿನ ಗಿರಣಿಯಲ್ಲಿ ಕೇಳಿ ತಿಳಿಯಬೇಕೇ? ನಾನೂ ಮನೆಮನೆ ಸುತ್ತಿ ಸರ್ವೆ ಮಾಡಿದವಳು. ತಾಯಂದಿರು ವಯಸ್ಸನ್ನು ಬೇಕಾದ ಹಾಗೆ ಹೇಳುತ್ತಾರೆ, ಶಾಲೆಗೆ ಸೇರಿಸಲು ಒಂದು ವರ್ಷ ಹೆಚ್ಚು, ಮದುವೆಗೆ ಎರಡು ವರ್ಷ ಕಡಿಮೆ. ಅದಕ್ಕೇ ನಾನು ಯಾವತ್ತೂ ಬಾಯಿ ಮಾತು ಬರೆದುಕೊಂಡಿಲ್ಲ, ಮಗು ಹುಟ್ಟಿದ ತಾರೀಖು ಇರುವ ತಾಯಿ ಕಾರ್ಡ್ ತೆಗೆಸಿ ನೋಡಿಯೇ ಬರೆದಿದ್ದೇನೆ. ಅಷ್ಟು ಬುದ್ಧಿ ಆ ಚೀಲದವನಿಗೆ ಇರಬೇಕಿತ್ತು. ನಿನಗೆ ಎಲ್ಲಿಯೂ ವಯಸ್ಸು ಸರಿಹೊಂದಲಿಲ್ಲ ನೋಡು, ಇಲ್ಲಿಯ ನೌಕರಿಗೆ ಹೆಚ್ಚಾಯಿತು, ಮದುವೆಗೆ ಹೆಚ್ಚಾಯಿತು, ಈಗ ಕಡಿಮೆಯಾಗಿ ಕೆಟ್ಟಿತು.

ಕಾಗದ ಕೈಸೇರಿದ ಕೂಡಲೆ ಅವರಿಗೆ ತೋರಿಸು. ಹೆದರಬೇಡ, ಅಳುತ್ತಾ ಮಾತಾಡಬೇಡ. ವಧು-ವರ ಕೇಂದ್ರಕ್ಕೆ ನಿನ್ನೆಯೇ ಹೇಳಿಸಿ ಬಯೋಡಾಟಾ ತೆಗೆಸಿದ್ದೇನೆ. ಹೊಲದಲ್ಲಿ ಕಡಲೆ ಕೀಳುತ್ತಿದ್ದಾರೆ, ಈ ವರ್ಷ ಚಲೋ ಬಂದಿದೆ. ಎಲ್ಲೇ ಇರು, ನೆಲೆಯಾಗಿ ಇರು. ಬಸವಣ್ಣ ನಿನ್ನನ್ನು ಕಾಯಲಿ. ಮಶಾಕಸಾಬ ನಿನ್ನನ್ನು ಕೇಳಿದನೆಂದು ಬರೆಯಲು ಹೇಳಿದ್ದಾನೆ, ಎರಡು ದಿನದಿಂದ ಅವನ ಮುಖವೂ ಸಪ್ಪಗಿದೆ.

ಇಂತಿ ನಿನ್ನ ಅವ್ವ,
ಕಸ್ತೂರೆವ್ವ

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಕಾಕಾ ಕೊರಿಯರ್‌ಗೆ ಒಯ್ಯಲು ಬಂದು ಹೊರಗೆ ನಿಂತಿದ್ದಾನೆ, ಹನ್ನೊಂದರ ಬಸ್ಸಿಗೆ ಹೋಗಬೇಕು. ನೀನು ಬ್ಲಾಕ್ ಮಾಡಿದ್ದು ಅವನಿಗೆ ಮೊದಲಿನಿಂದಲೂ ಗೊತ್ತಂತೆ. ಈಗ ಅವನು ಅಂದದ್ದು ಇದು: ‘ವೈನಿ, ನನ್ನ ಹೆಸರಽ ಇರ್ಲಿ ಬಿಡ್ರಿ. ಅಕಿ ನನ್ನ ಮ್ಯಾಲೆ ಸಿಟ್ಟಾದ್ರ ನಾ ತಡಕೋತೇನಿ. ನಿಮ್ಮ ಮ್ಯಾಲೆ ಸಿಟ್ಟಾದ್ರ ಅಕಿ ತಡಕೊಳ್ಳಾಂಗಿಲ್ಲ.’ ಕಾಕಾ ಹೇಳಿದ್ದು ಗದಗಿನ ಮಾತೊಂದೇ. ವಯಸ್ಸು ಹೇಳಿದವಳು ನಾನು. ಯುಗಾದಿಗೆ ಬರುತ್ತಾಳೆ, ಮತ್ತೆ ಹೋಗುವುದಿಲ್ಲ ಎಂದವಳೂ ನಾನೇ. ನಿನ್ನ ಮದುವೆ ಆಗಲಿ ಎಂದು ಹೇಳಿದ್ದಲ್ಲ. ಅವನು ‘ಮುಂದ ಎಲ್ಲಿರತಾರ್ರೀ?’ ಎಂದು ಕೇಳಿದಾಗ, ಆ ಮಾತನ್ನು ಒಂದು ಸಲವಾದರೂ ಈ ಮನೆಯಲ್ಲಿ ಬಾಯಿಬಿಟ್ಟು ಹೇಳಬೇಕು ಅನಿಸಿತು, ಹೇಳಿದೆ, ಅವನು ಬರೆದುಕೊಂಡ. ಇದರೊಳಗೆ ಇನ್ನೊಂದು ಹಾಳೆ ಇಟ್ಟಿದ್ದೇನೆ, ಅವರ ಭಾಷೆಗೆ ನೀನೇ ಮಾಡಿಸಿಕೋ. ನಾನು ಹೇಳಿದ್ದು ಸುಳ್ಳು, ಮಗಳಿಗೆ ಇದರಲ್ಲಿ ಏನೂ ಗೊತ್ತಿರಲಿಲ್ಲ, ಅವಳ ವಯಸ್ಸು ಮೂವತ್ತಾರು ಎಂದು ಬರೆದು ಸಹಿ ಮಾಡಿ ಅಂಗನವಾಡಿಯ ಸಿಕ್ಕಾ ಒತ್ತಿದ್ದೇನೆ. ಅದಕ್ಕೆ ಬೆಲೆ ಇದೆಯೋ ಇಲ್ಲವೋ, ನನ್ನ ಹತ್ತಿರ ಇರುವ ಸಿಕ್ಕಾ ಅದೊಂದೇ. ಕೊನೆಯ ಸಾಲು ಬರೆಯಲು ಹೊತ್ತು ಹಿಡಿಯಿತು. ನನ್ನ ಮಗಳು ಮಹಾನಂದಾ ಡೆನ್ಮಾರ್ಕಿನಲ್ಲೇ ಇರುತ್ತಾಳೆ, ಊರಿಗೆ ಮರಳಿ ಬರುವುದಿಲ್ಲ ಎಂದು ನನ್ನ ಕೈಯಾರೆ ಬರೆದಿದ್ದೇನೆ. ಮೊದಲು ಕಾಕಾನಿಗೆ ಫೋನ್ ಮಾಡು. ನನ್ನನ್ನು ಬೈಯುವುದು ಆಮೇಲೆ.