ನರಳುವ ಹಸುವಿಗೆ ಸೂಜಿ ಚುಚ್ಚುವ ಮೊದಲು

ರಣಹದ್ದು ಶಕೆ ಎಂಬತ್ತಮೂರು, ಹದಿನಾಲ್ಕನೆಯ ತಿಂಗಳು, ಮರಿ ಹಾರುವ ವಾರ
ಮುಗಿಲುಬೆಟ್ಟದ ತಪ್ಪಲು

ನನ್ನ ಅಜ್ಜಿಯ ಅಜ್ಜ ಕೆಂಪರಾಜಪ್ಪನವರಿಗೆ,

ಈ ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ಅಳಿದುಹೋಗಿದ್ದ ರಣಹದ್ದುಗಳು ಮತ್ತೆ ಮೊಟ್ಟೆಯೊಡೆದು ಬಂದ ವರ್ಷದಿಂದ ನಾವು ಕಾಲ ಎಣಿಸುತ್ತೇವೆ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ಕಹಿಯಾಗಿ ಕೇಳಿಸಿದರೆ ಮನ್ನಿಸಬೇಕಾಗಿಲ್ಲ, ಆ ಕಹಿಯನ್ನು ಬೇಕೆಂದೇ ಹಾಕಿದ್ದೇನೆ. ನಾಳೆ ನೀವು ಮನೆಮಂದಿಯನ್ನೆಲ್ಲ ವ್ಯಾನಿಗೆ ಹತ್ತಿಸಿಕೊಂಡು ಮುಗಿಲುಬೆಟ್ಟ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಿದ್ದೀರಿ. ಪುಳಿಯೋಗರೆ ಗೊಜ್ಜು ಕುದಿಯುತ್ತಿದೆ, ಸ್ವೆಟರುಗಳು ಬಿಸಿಲಿಗೆ ಬಿದ್ದಿವೆ. ಕೊಟ್ಟಿಗೆಯಲ್ಲಿ ಮಾತ್ರ ಮುದಿ ಹಸು ಕಾಲು ಊದಿಸಿಕೊಂಡು ನರಳುತ್ತಿದೆ. ಅದನ್ನು ಹಾಗೇ ಬಿಟ್ಟು ಹೋಗಲು ನಿಮಗೆ ಮನಸ್ಸು ಬಾರದು. ನೋವಿನ ಮದ್ದು ತುಂಬಿದ ಸೂಜಿ ನಿಮ್ಮ ಕೈಯಲ್ಲಿದೆ. ನಿಮ್ಮ ಕನಿಕರ ಎಷ್ಟು ದೊಡ್ಡದೆಂದು ತೋರಿಸಲು ನಮ್ಮ ಮನೆಯಲ್ಲಿ ಈ ಕಥೆಯನ್ನು ಮಕ್ಕಳಿಗೆ ಹೇಳುತ್ತಾ ಬಂದಿದ್ದಾರೆ. ಹಾಗಾಗಿ ನನಗೆ ಗೊತ್ತು. ಒಂದು ಗಳಿಗೆ ತಡೆಯಿರಿ, ತಾತ.

ಆ ಹಸು ಹೇಗೂ ಉಳಿಯುವುದಿಲ್ಲ. ನೀವು ಅದನ್ನು ಊರಾಚೆ ಎಳೆಸುತ್ತೀರಿ, ಹದ್ದುಗಳು ಬಂದು ತಿನ್ನುತ್ತವೆ, ಹಸುವಿನ ಮೈಯಲ್ಲಿ ಉಳಿದ ಮದ್ದಿಗೆ ಅವು ಕತ್ತು ಜೋಲಿಸಿಕೊಂಡು ಮರದಿಂದ ಉದುರುತ್ತವೆ. ನಿಮ್ಮೊಬ್ಬರ ಮೇಲೆ ಹೊರಿಸುತ್ತಿಲ್ಲ. ನಿಮ್ಮಂಥ ಮರುಕದ ಜನ ಊರೂರಿಗೂ ಇದ್ದರು. ಹದ್ದುಗಳು ಹೋದ ಮೇಲೆ ಹೆಣಗಳು ಕೊಳೆತವು, ನಾಯಿಗಳು ಹಿಂಡುಗಟ್ಟಿದವು, ರೋಗ ಬಂದು ದನಗಳೆಲ್ಲ ನಿರ್ನಾಮವಾದವು. ಎಷ್ಟೋ ಕಾಲದ ಮೇಲೆ ಎಲ್ಲಿಂದಲೋ ತಂದ ಮೊಟ್ಟೆಗಳಿಂದ ಈ ಬೆಟ್ಟದಲ್ಲಿ ಹದ್ದುಗಳನ್ನು ಮತ್ತೆ ಎಬ್ಬಿಸಿದರು. ಆದರೆ ಅವಕ್ಕೆ ತಿನ್ನಿಸಲು ದನವಿಲ್ಲ. ನಮ್ಮಲ್ಲಿ ಧಾರಾಳವಾಗಿ ಉಳಿದಿರುವುದು ನಾವೇ.

ಆದ್ದರಿಂದ ಒಂದೊಂದು ತಲೆಮಾರಿಗೆ ಮನೆಗೊಬ್ಬರು ಹಿರಿಯರು ಬೆಟ್ಟಕ್ಕೆ ಹೋಗುತ್ತಾರೆ. ಪ್ರವಾಸ ಎಂಬ ಮಾತಿಗೆ ನಮ್ಮಲ್ಲಿ ಇದೊಂದೇ ಅರ್ಥ, ಹಿಂತಿರುಗುವುದು ಅದರಲ್ಲಿ ಸೇರಿಲ್ಲ. ನೆತ್ತಿಯ ಹಾಸುಬಂಡೆಯ ಮೇಲೆ ಒದ್ದೆ ಹತ್ತಿಬಟ್ಟೆ ಉಟ್ಟು ಕೂರಬೇಕು. ಮಿಕ್ಕದ್ದನ್ನು ಚಳಿ ನೋಡಿಕೊಳ್ಳುತ್ತದೆ. ಜೀವವಿರುವ ತನಕ ಹದ್ದು ಹತ್ತಿರ ಸುಳಿಯುವುದಿಲ್ಲ, ಅಷ್ಟು ಮರ್ಯಾದೆ ಅದಕ್ಕಿದೆ. ಮನೆಯಲ್ಲೇ ಸತ್ತವರನ್ನು ಒಯ್ಯುವಂತಿಲ್ಲ. ಹುಟ್ಟಿದಾಗಿನಿಂದ ಮಾತ್ರೆ ನುಂಗುವ ಮೈ ನಮ್ಮದು, ಅದು ಹದ್ದಿಗೆ ವಿಷ. ಹೊರಡುವವರು ಒಂದು ವರ್ಷ ಯಾವ ಮದ್ದನ್ನೂ ಮುಟ್ಟಬಾರದು. ಇದಕ್ಕೆ ತಿಳಿವರ್ಷ ಎನ್ನುತ್ತೇವೆ. ಅವರಿಗೆ ಅಡುಗೆ ಮಾಡಿ ಬಡಿಸುವವರಿಗೂ ಅದೇ ಕಟ್ಟುಪಾಡು.

ನಮ್ಮ ಮನೆಯಿಂದ ನನ್ನ ಸರದಿ ಬಂತು. ನಾನು ಅಳಲಿಲ್ಲ. ನನ್ನ ತಾಯಿ ಯಾರ ಕೈಯನ್ನೂ ಹಿಡಿಯದೆ ಹತ್ತಿದವಳು, ನಾನೂ ಹಾಗೇ ಹತ್ತಬೇಕೆಂಬ ಹಟ ನನಗೆ. ಅಡ್ಡಿಯಾಗಿದ್ದುದು ಮಂಡಿ. ಮಾತ್ರೆ ನಿಂತ ಮೇಲೆ ಅದು ನನ್ನನ್ನು ಹುರಿದು ಮುಕ್ಕಿತು. ಅಡುಗೆಗೆ ನಿಂತವಳು ಸೊಸೆ ಹೊಂಬಾಳೆ. ನನಗೂ ಅವಳಿಗೂ ಮದುವೆಯ ಚಪ್ಪರದಿಂದಲೇ ಎಣ್ಣೆ ಸೀಗೆಕಾಯಿ. ಅವಳು ಬೆಳಗಾದರೆ ನನ್ನನ್ನು ಎಬ್ಬಿಸಿ ಏರುದಾರಿಯಲ್ಲಿ ನಡೆಸುತ್ತಿದ್ದಳು, ಕುಂಟಿದರೆ ಗದರುತ್ತಿದ್ದಳು. ಒಂದೇ ಒಂದು ಮಾತ್ರೆ ಕೊಡೆಂದು ನಾನು ಸೆರಗೊಡ್ಡಿ ಬೇಡಿದಾಗ, "ಬೆಟ್ಟ ಹತ್ತೋ ಆಸೆ ಐತೋ ಇಲ್ವೋ? ಐತೆ ಅಂದ್ರೆ ಹಲ್ಕಚ್ಕಂಡು ಕೂತ್ಕಳಿ" ಎಂದಳು. ಎಂದವಳು ಎದ್ದು ಹೋಗಲಿಲ್ಲ. ನೋವು ಇಳಿಯುವವರೆಗೆ ಹರಳೆಣ್ಣೆ ಬಿಸಿಮಾಡಿ ತಿಕ್ಕುತ್ತಾ, ನನ್ನ ನರಳಾಟವನ್ನೂ ಬೈಗುಳವನ್ನೂ ಕೇಳುತ್ತಾ ಕೂತಿದ್ದಳು. ಇವಳಷ್ಟು ಕಟುಕಿ ಇನ್ನೊಬ್ಬಳಿಲ್ಲ ಎಂದು ಕೇರಿಗೆಲ್ಲ ಸಾರಿದೆ.

ಮಗ ಮರಿಸ್ವಾಮಿ ಹಾಗಲ್ಲ. ನಾನು ನರಳಿದರೆ ಅವನು ಕಿವಿ ಮುಚ್ಚಿಕೊಂಡು ಜಗಲಿಗೆ ಓಡುತ್ತಿದ್ದ, ಬಿಕ್ಕುತ್ತಿದ್ದ. ಹೊರಡುವ ಹಿಂದಿನ ವಾರ ನನ್ನ ನೋವು ತಟ್ಟನೆ ತಗ್ಗಿತು. ಹೊಂಬಾಳೆಯ ನಡಿಗೆಯೂ ಎಣ್ಣೆಯೂ ಕೊನೆಗೆ ಹಿಡಿಯಿತೆಂದು ಹಿಗ್ಗಿದೆ. ಅವಳೂ ಹಿಗ್ಗಿದಳು. ಅದನ್ನು ತೋರಿಸಿಕೊಳ್ಳದೆ, ಬಂಡೆಯ ಮೇಲೆ ಉಡುವ ಬಟ್ಟೆ ಒಯ್ಯಲೆಂದು ನನಗಾಗಿ ಹೊಲಿಯುತ್ತಿದ್ದ ಹತ್ತಿಚೀಲದ ಅಂಚಿಗೆ ಕೆಂಪು ದಾರದಲ್ಲಿ ಒಂದು ಹಕ್ಕಿ ಬಿಡಿಸಿದಳು. ನೆರೆಹೊರೆಯವರು ಹೋಳಿಗೆ ತಂದರು. ಕಾಲಿಗೆ ಬೀಳಿಸಿಕೊಂಡು ಸುಸ್ತಾದೆ.

ಹೊರಟ ದಿನ ಮಗ ಸೊಸೆ ಇಬ್ಬರೂ ಉದ್ಯಾನದ ಗೇಟಿನವರೆಗೆ ಬಂದರು. ಅಲ್ಲಿ ನೀಲಿಗಾಜು ಎಂಬ ಬಿಲ್ಲೆ ಇರುತ್ತದೆ. ಬೆರಳು ಚುಚ್ಚಿ ಅದರ ಮೇಲೆ ಒಂದು ಹನಿ ರಕ್ತ ಬಿಡುತ್ತಾರೆ. ಮದ್ದಿದ್ದರೆ ಹನಿ ನೀಲಿಯಾಗುತ್ತದೆ. ನನ್ನದು ನೀಲಿಯಾಯಿತು. ನಾನು ಗಾಜಿನ ಮೇಲೆ ರೇಗಿದೆ, ಕಾವಲಿನವಳ ಮೇಲೆ ರೇಗಿದೆ, ಆಮೇಲೆ ತಿರುಗಿ ಮಗನ ಮುಖ ನೋಡಿದೆ. ಆಗ ಎಲ್ಲ ತಿಳಿಯಿತು. ಆ ವಾರ ದಿನವೂ ಗಂಜಿಯ ಲೋಟವನ್ನು ತನ್ನ ಕೈಯಾರೆ ತಂದುಕೊಟ್ಟವನು ಅವನೇ.

ಹೊರಟವರ ರಕ್ತ ನೀಲಿಯಾದರೆ ಮದ್ದು ಕೊಟ್ಟವರೇ ಬದಲಿಗೆ ಬೆಟ್ಟ ಹತ್ತಬೇಕು, ಅದು ಇಲ್ಲಿನ ಕಾಯಿದೆ. ಕೊಟ್ಟವರು ಯಾರೆಂದು ಕಾವಲಿನವಳು ಕೇಳಿದಳು. ಮರಿಸ್ವಾಮಿ ಹೆಂಡತಿಯ ಕಡೆ ಬೆರಳು ತೋರಿಸಿದ. ಕಾವಲಿನವಳು ನನ್ನನ್ನು ಕೇಳಿದಳು, "ಹೌದೇನಮ್ಮ?"

ಇಲ್ಲವೆಂದರೆ ಮಗ ಹೋಗಬೇಕು. ನಾನು ಹೌದೆಂದೆ. ಯೋಚಿಸಿ ಹೇಳಿದೆನೆಂದು ತಿಳಿಯಬೇಡಿ. ಅವಳು ಕೇಳಿ ಬಾಯಿ ಮುಚ್ಚುವುದರೊಳಗೆ ನನ್ನ ಬಾಯಿಂದ ಬಿದ್ದಿತ್ತು.

ಹೊಂಬಾಳೆ ವಾದ ಮಾಡಲಿಲ್ಲ. ಬೆರಳು ಚಾಚಿದಳು. ಅವಳ ಹನಿ ಕೆಂಪಗೇ ಉಳಿಯಿತು. ವರ್ಷವಿಡೀ ಕಟ್ಟುಪಾಡು ಪಾಲಿಸಿದ್ದವಳಲ್ಲವೇ, ಇನ್ನೊಂದು ತಿಳಿವರ್ಷ ಕಾಯುವ ಅಗತ್ಯವೂ ಬೀಳಲಿಲ್ಲ. ಅವಳು ನನ್ನ ಹೆಗಲಿನಿಂದ ಚೀಲ ಬಿಡಿಸಿಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು. "ಅತ್ತೆಮ್ಮ, ನಿಮ್ ಮಂಡಿಗೆ ಎಣ್ಣೆ ತಿಕ್ಕೋರು ಇನ್ಯಾರೂ ಇಲ್ಲ. ಅವ್ನಿಗೆ ಬರಾಕಿಲ್ಲ" ಎಂದಳು. ಗಂಡನನ್ನು ಅವಳು "ಅವನು" ಎಂದದ್ದು ಅದೇ ಮೊದಲು. ಆಮೇಲೆ ಯಾರ ಕೈಯನ್ನೂ ಹಿಡಿಯದೆ ಹತ್ತಿ ಹೋದಳು.

ನನಗೀಗ ನೋವಿಲ್ಲ, ತಾತ. ಮಗ ದಿನಾ ಬೆಳಿಗ್ಗೆ ಮಾತ್ರೆ ತರುತ್ತಾನೆ, ನಾನು ನುಂಗುತ್ತೇನೆ. ಅವನು ಬಲು ಒಳ್ಳೆಯವನು, ಇರುವೆಯನ್ನೂ ಸುತ್ತಿ ನಡೆಯುತ್ತಾನೆ. ಅವನ ಮುಖ ನೋಡಿದರೆ ನನಗೆ ಅಸಹ್ಯವಾಗುತ್ತದೆ. ಅವನನ್ನು ಉಳಿಸಿಕೊಂಡ ನನ್ನ ಮೇಲೂ ಅಷ್ಟೇ ಅಸಹ್ಯ, ಆದರೂ ಇನ್ನೊಮ್ಮೆ ಕೇಳಿದರೆ ಅದನ್ನೇ ಹೇಳುತ್ತೇನೆ. ನಿಮ್ಮ ರಕ್ತ ನಮ್ಮಲ್ಲಿ ಚೆನ್ನಾಗಿಯೇ ಹರಿದು ಬಂದಿದೆ. ಇನ್ನೊಬ್ಬರ ನರಳಾಟವನ್ನು ಕೇಳುತ್ತಾ ಕೂರಲಾರದ್ದನ್ನೇ ನಾವು ಕನಿಕರ ಎಂದು ಕರೆದುಕೊಂಡು ಬಂದೆವು.

ನಿಮ್ಮಲ್ಲಿ ಬೇಡುವುದು ಇಷ್ಟೇ. ಸೂಜಿಯನ್ನು ಕೆಳಗಿಡಿ. ನಾಳಿನ ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ, ವ್ಯಾನಿನವನಿಗೆ ಬೇಡವೆಂದು ಹೇಳಿಕಳಿಸಿ. ಒಂದಿಷ್ಟು ಹರಳೆಣ್ಣೆ ಬಿಸಿಮಾಡಿಕೊಂಡು ಕೊಟ್ಟಿಗೆಗೆ ಹೋಗಿ. ಹಸು ನರಳುತ್ತದೆ, ಒದೆಯುತ್ತದೆ. ಒದೆಸಿಕೊಂಡು ಪಕ್ಕದಲ್ಲೇ ಕೂತಿರಿ, ಹೊಂಬಾಳೆ ಕೂತಿದ್ದಂತೆ.

ಇಂತು ನಿಮ್ಮ ವಂಶದವಳು,
ಚೆನ್ನಾಜಮ್ಮ